ಕಾರಾಗೃಹಗಳ ಭದ್ರತಾ ವಿನ್ಯಾಸ

ಕಟ್ಟಡದ ನಕ್ಷೆ, ನೋಟದ ಹರವು, ಓಡಾಟದ ದಾರಿ, ಬೆಳಕು, ಸದ್ದು, ಸಾಮಗ್ರಿ ಮತ್ತು ವಾಸದ ಘಟಕದ ಗಾತ್ರ ಇವುಗಳನ್ನು ಮೊದಲೇ ಯೋಚಿಸಿ ರೂಪಿಸುವುದರ ಮೂಲಕ ಕಾರಾಗೃಹದೊಳಗೆ ಪರಾರಿ, ಹಿಂಸೆ, ಆತ್ಮಹತ್ಯೆ, ನಿಷಿದ್ಧ ವಸ್ತುಗಳ ಸಾಗಾಟ ಮತ್ತು ದಂಗೆಗೆ ಇರುವ ಅವಕಾಶವನ್ನು ಕಡಿಮೆಮಾಡುವ ವಿಧಾನ. ವಾಸ್ತುಶಿಲ್ಪ, ಅಪರಾಧಶಾಸ್ತ್ರ, ಮನಶ್ಶಾಸ್ತ್ರ ಮತ್ತು ಕಾರಾಗೃಹ ಆಡಳಿತ ಕೂಡುವ ಕ್ಷೇತ್ರವಿದು.

ವ್ಯಾಪ್ತಿ ಮತ್ತು ಪರಿಭಾಷೆ

ಕಾರಾಗೃಹದ ಭದ್ರತೆಯನ್ನು ಮೂರು ಪದರಗಳಾಗಿ ವಿವರಿಸುವುದು ವಾಡಿಕೆ. ಗೋಡೆ, ಬೇಲಿ, ಬೀಗ, ಕಾವಲು ಗೋಪುರ, ಕ್ಯಾಮೆರಾಗಳದು ಭೌತಿಕ ಭದ್ರತೆ. ತಲೆ ಎಣಿಕೆ, ಜಡತಿ, ಬೀಗದ ಕೈಗಳ ಲೆಕ್ಕ, ಬಂದಿಗಳ ವರ್ಗೀಕರಣ ಕಾರ್ಯವಿಧಾನದ ಭದ್ರತೆ. ಸಿಬ್ಬಂದಿ ಬಂದಿಗಳ ನಡುವೆಯೇ ಇದ್ದು, ಅವರನ್ನು ಹೆಸರು ಹಿಡಿದು ಬಲ್ಲವರಾಗಿ, ಗಲಾಟೆಯ ಸುಳಿವನ್ನು ಮುಂಚಿತವಾಗಿ ಹಿಡಿಯುವುದು ಕ್ರಿಯಾಶೀಲ ಭದ್ರತೆ. ವಿನ್ಯಾಸವೆಂದರೆ ಮೊದಲನೆಯ ಪದರ ಮಾತ್ರ ಎಂಬ ತಿಳಿವಳಿಕೆ ಬಹುಕಾಲ ಇತ್ತು. ಆದರೆ ಕೊನೆಯ ಎರಡೂ ನಕ್ಷೆಯನ್ನು ಅವಲಂಬಿಸಿಯೇ ನಿಂತಿವೆ. ವರ್ಗೀಕರಣದ ನಿಯಮ ಎಷ್ಟೇ ವಿವರವಾಗಿದ್ದರೂ ಬೇರೆ ಬೇರೆ ಇರಿಸಲು ಕಟ್ಟಡಗಳಿಲ್ಲದಿದ್ದರೆ ಅದು ಕಡತದಲ್ಲೇ ಉಳಿಯುತ್ತದೆ.

ಈ ಲೇಖನದಲ್ಲಿ ಕೋಣೆ ಎಂದರೆ ಒಬ್ಬ ಬಂದಿಗೆಂದು ಕಟ್ಟಿದ ಸೆಲ್. ಬ್ಯಾರಕ್ ಎಂದರೆ ಹಲವರು ಒಟ್ಟಿಗೆ ಮಲಗುವ ಉದ್ದನೆಯ ಸಾಲುಮನೆ. ಘಟಕ ಎಂದರೆ ಕೋಣೆಗಳೂ ಅವುಗಳಿಗೆ ಹೊಂದಿದ ಹಗಲು ಅಂಗಳವೂ ಸೇರಿದ ವಾಸದ ಭಾಗ.

ಹಿನ್ನೆಲೆ

ಬಂದಿಗಳನ್ನು ಬೇರ್ಪಡಿಸಿ ಇರಿಸುವ ಯೋಚನೆ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ಬಂಧನಾಗಾರವನ್ನು ಕಟ್ಟಿಸುವ ಹೊಣೆಯನ್ನು ಸನ್ನಿಧಾತೃವಿಗೆ ಒಪ್ಪಿಸಿ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸ್ಥಳವಿರಬೇಕೆಂದು ಹೇಳುತ್ತದೆ. ಆದರೂ ಆಧುನಿಕ ಕಾಲಕ್ಕೆ ಮುಂಚೆ ಸೆರೆಮನೆಗೆಂದೇ ರೂಪಿಸಿದ ಕಟ್ಟಡ ವಿರಳ. ಕೋಟೆಯ ನೆಲಮಾಳಿಗೆ, ಬುರುಜು, ಹಗೇವುಗಳೇ ಆ ಕೆಲಸಕ್ಕೆ ಒದಗುತ್ತಿದ್ದವು. ಮೊಗಲರು ಗ್ವಾಲಿಯರ್ ಕೋಟೆಯನ್ನು ರಾಜಬಂದಿಗಳಿಗಾಗಿ ಬಳಸಿದರು. ಶ್ರೀರಂಗಪಟ್ಟಣದಲ್ಲಿ ಕರ್ನಲ್ ಬೇಲಿಯ ಹೆಸರಿನಿಂದ ಕರೆಯುವ ಸೆರೆಮನೆಯಲ್ಲಿ ಗೋಡೆಗೆ ಹೂಡಿದ ರಂಧ್ರವುಳ್ಳ ಕಲ್ಲುಚಪ್ಪಡಿಗಳನ್ನು ಇಂದಿಗೂ ನೋಡಬಹುದು. ಸಂಕೋಲೆ ಬಿಗಿಯುತ್ತಿದ್ದುದು ಅವಕ್ಕೆ. ಇಂಥ ಕಡೆ ಭದ್ರತೆ ಎಂದರೆ ದಪ್ಪ ಗೋಡೆ ಮತ್ತು ಸರಪಳಿ, ಅಷ್ಟೆ.

ಜಾನ್ ಹೋವರ್ಡ್ 1777ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ಕಾರಾಗೃಹಗಳ ಸಮೀಕ್ಷೆ ಕೊಳಕು, ಜ್ವರ, ಎಲ್ಲರನ್ನೂ ಒಂದೇ ಕಡೆ ತುಂಬುವ ಪದ್ಧತಿಗಳನ್ನು ಬಯಲಿಗೆ ತಂದಿತು. ಜೆರೆಮಿ ಬೆಂಥಮ್ 1791ರಲ್ಲಿ ಪನಾಪ್ಟಿಕಾನ್ ಎಂಬ ಯೋಜನೆಯನ್ನು ಅಚ್ಚಿಗೆ ಕೊಟ್ಟ. ವೃತ್ತಾಕಾರದ ಕಟ್ಟಡದ ಅಂಚಿನಲ್ಲಿ ಕೋಣೆಗಳು, ನಡುವೆ ಗೋಪುರ. ಗೋಪುರದಲ್ಲಿ ಕಾವಲುಗಾರ ಇದ್ದಾನೋ ಇಲ್ಲವೋ ಬಂದಿಗೆ ಗೊತ್ತಾಗದು. ಮೂಲ ಕಲ್ಪನೆ ಬೆಂಥಮನ ತಮ್ಮ ಸ್ಯಾಮ್ಯುಯೆಲನದು. ರಷ್ಯಾದಲ್ಲಿ ಕೆಲಸಗಾರರ ಮೇಲ್ವಿಚಾರಣೆಗೆಂದು ಅವನು ಅದನ್ನು ರೂಪಿಸಿದ್ದ. ಬೆಂಥಮ್ ತನ್ನ ಕಾರಾಗೃಹವನ್ನು ಕಟ್ಟಲಾಗಲಿಲ್ಲ. ಅವನ ಯೋಜನೆಗೆಂದು ಕೊಂಡ ಲಂಡನ್ನಿನ ಜಾಗದಲ್ಲಿ 1816ರಲ್ಲಿ ತೆರೆದ ಮಿಲ್‌ಬ್ಯಾಂಕ್ ಕಾರಾಗೃಹ ಬೇರೆಯೇ ನಕ್ಷೆಯದು: ಆರು ಪಂಚಕೋನಗಳ ಆ ಕಟ್ಟಡದ ಸುತ್ತುಬಳಸು ಓಣಿಗಳಲ್ಲಿ ಕಾವಲುಗಾರರೇ ದಾರಿ ತಪ್ಪುತ್ತಿದ್ದರು.

ಅಮೆರಿಕದಲ್ಲಿ ಇದೇ ಕಾಲಕ್ಕೆ ಎರಡು ಪದ್ಧತಿಗಳು ಪೈಪೋಟಿಗೆ ಇಳಿದವು. ಜಾನ್ ಹ್ಯಾವಿಲ್ಯಾಂಡ್ ನಕ್ಷೆ ಬರೆದ ಫಿಲಡೆಲ್ಫಿಯದ ಈಸ್ಟರ್ನ್ ಸ್ಟೇಟ್ ಕಾರಾಗೃಹ 1829ರಲ್ಲಿ ತೆರೆಯಿತು. ಒಂದು ಕೇಂದ್ರದಿಂದ ಹೊರಟ ಏಳು ಸಾಲುಗಳಲ್ಲಿ ಬಂದಿಗಳು ಹಗಲಿರುಳೂ ಒಂಟಿಯಾಗಿದ್ದರು. ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ ರಾತ್ರಿ ಒಂಟಿ ಕೋಣೆ, ಹಗಲು ಮಾತಿಲ್ಲದ ಸಾಮೂಹಿಕ ದುಡಿಮೆ. ಕಟ್ಟುವ ಖರ್ಚು ಕಡಿಮೆಯಾದ್ದರಿಂದ ಅಮೆರಿಕದಲ್ಲಿ ಆಬರ್ನ್ ಪದ್ಧತಿ ಹಬ್ಬಿತು. ಈಸ್ಟರ್ನ್ ಸ್ಟೇಟ್‌ನಂತೆ ಕೇಂದ್ರದಿಂದ ಸಾಲುಗಳು ಹೊರಡುವ ಕಿರಣ ನಕ್ಷೆಯನ್ನು ಯೂರೋಪು ಎತ್ತಿಕೊಂಡಿತು. ಜೋಶುವಾ ಜೆಬ್ ರೂಪಿಸಿದ, 1842ರಲ್ಲಿ ತೆರೆದ ಲಂಡನ್ನಿನ ಪೆಂಟನ್‌ವಿಲ್ ಬ್ರಿಟನ್ನಿಗೂ ಅದರ ವಸಾಹತುಗಳಿಗೂ ಮಾದರಿಯಾಯಿತು.

ಸಿದ್ಧಾಂತ

‘ಪರಿಸರ ವಿನ್ಯಾಸದ ಮೂಲಕ ಅಪರಾಧ ತಡೆ’ ಎಂಬ ಪರಿಕಲ್ಪನೆಗೆ ಹೆಸರು ಕೊಟ್ಟವನು ಅಮೆರಿಕದ ಅಪರಾಧಶಾಸ್ತ್ರಜ್ಞ ಸಿ. ರೇ ಜೆಫ್ರಿ, ಅದೇ ಹೆಸರಿನ ಅವನ ಗ್ರಂಥ ಬಂದದ್ದು 1971ರಲ್ಲಿ. ಮರುವರ್ಷ ವಾಸ್ತುಶಿಲ್ಪಿ ಆಸ್ಕರ್ ನ್ಯೂಮನ್, ನಿವಾಸಿಗಳು ತಾವೇ ಕಾಯಬಲ್ಲ ತಾಣ ಎಂಬ ವಿಚಾರವನ್ನು ಮಂಡಿಸಿದ. ಸಹಜವಾಗಿ ಕಣ್ಣಿಗೆ ಬೀಳುವಂತೆ ಇರಿಸುವುದು, ಪ್ರವೇಶವನ್ನು ಹತೋಟಿಯಲ್ಲಿಡುವುದು, ಜಾಗ ತಮ್ಮದೆಂಬ ಭಾವ ಮೂಡಿಸುವುದು, ಜಾಗವನ್ನು ಸುಸ್ಥಿತಿಯಲ್ಲಿಡುವುದು ಈ ಪರಿಕಲ್ಪನೆಯ ನಾಲ್ಕು ತತ್ತ್ವಗಳು.

ಬೀದಿ, ಬಡಾವಣೆಗಳಿಗೆಂದು ಹುಟ್ಟಿದ ಈ ತತ್ತ್ವಗಳು ಕಾರಾಗೃಹಕ್ಕೆ ಇದ್ದಂತೆಯೇ ಒಪ್ಪುವುದಿಲ್ಲ. ಬೀದಿಯಲ್ಲಿ ಅಪಾಯ ಕಂಡವನು ದಾರಿ ಬದಲಿಸಬಹುದು. ಕಾರಾಗೃಹದಲ್ಲಿ ಹೊಡೆಯುವವನೂ ಹೊಡೆಸಿಕೊಳ್ಳುವವನೂ ಒಂದೇ ಸೂರಿನಡಿ, ಒಂದೇ ನಲ್ಲಿಯ ಮುಂದೆ ಇರುತ್ತಾರೆ. ಜಾಗ ತಮ್ಮದೆಂಬ ಭಾವವೂ ಇಲ್ಲಿ ಎರಡಲಗಿನದು: ಅದು ಒಳ್ಳೆಯ ನಿರ್ವಹಣೆಗೂ ದಾರಿಯಾಗಬಹುದು, ಗುಂಪೊಂದು ಬ್ಯಾರಕ್ಕಿನ ಮೂಲೆಯನ್ನು ವಶಪಡಿಸಿಕೊಳ್ಳುವುದಕ್ಕೂ ದಾರಿಯಾಗಬಹುದು.

ಈ ತೊಡಕನ್ನು ಹೆಚ್ಚು ಕೂಲಂಕಷವಾಗಿ ಬಿಡಿಸಿದವನು ಆಸ್ಟ್ರೇಲಿಯದ ರಿಚರ್ಡ್ ವರ್ಟ್ಲಿ. 2002ರಲ್ಲಿ ಪ್ರಕಟವಾದ ಅವನ ಗ್ರಂಥದ ಪ್ರಕಾರ ಕಾರಾಗೃಹದ ಸನ್ನಿವೇಶ ಹಿಂಸೆಗೆ ಅವಕಾಶ ಕೊಡುವುದಷ್ಟೇ ಅಲ್ಲ, ಅದನ್ನು ಕೆರಳಿಸಲೂಬಹುದು. ಅವಕಾಶ ತಪ್ಪಿಸಲು ಬಿಗಿಗೊಳಿಸಬೇಕು. ಕೆರಳಿಕೆ ತಪ್ಪಿಸಲು ಸಡಿಲಿಸಬೇಕು. ಒಂದನ್ನು ಅತಿಯಾಗಿ ಮಾಡಿದರೆ ಇನ್ನೊಂದು ಕೆಡುತ್ತದೆ. ನ್ಯೂಯಾರ್ಕಿನ ರೈಕರ್ಸ್ ದ್ವೀಪದ ಬಂದೀಖಾನೆಯ ದೂರವಾಣಿ ಜಗಳಗಳನ್ನು ಕುರಿತ 1994ರ ಅಧ್ಯಯನ ಇಲ್ಲಿ ಉಲ್ಲೇಖಾರ್ಹ. ಯಾರು ಎಷ್ಟು ಹೊತ್ತು ಮಾತಾಡಬಹುದೆಂಬುದನ್ನು ಗಣಕ ವ್ಯವಸ್ಥೆಯೇ ನಿರ್ಧರಿಸತೊಡಗಿದ ಮೇಲೆ, ಫೋನನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಬಲಿಷ್ಠರ ಕೈ ಸೋತು, ಅದಕ್ಕೆ ಸಂಬಂಧಿಸಿದ ಹೊಡೆದಾಟಗಳು ಇಳಿದವು.

ನಕ್ಷೆಯ ಬಗೆಗಳು

ವೃತ್ತ ನಕ್ಷೆ: ಬೆಂಥಮನ ಕಲ್ಪನೆಗೆ ಹತ್ತಿರದ ಕಟ್ಟಡಗಳು ಅವನು ತೀರಿಕೊಂಡು ಬಹುಕಾಲದ ಬಳಿಕ ಬಂದವು. ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್, 1920ರ ದಶಕದಲ್ಲಿ ಕ್ಯೂಬಾದಲ್ಲಿ ಕಟ್ಟಿದ ಪ್ರೆಸಿಡಿಯೊ ಮೊಡೆಲೊ ಇವುಗಳಲ್ಲಿ ಮುಖ್ಯ. ಫಿಡೆಲ್ ಕ್ಯಾಸ್ಟ್ರೊ ಸೆರೆಯಲ್ಲಿದ್ದದ್ದು ಎರಡನೆಯದರಲ್ಲಿ. ವೃತ್ತದ ದೋಷ ಬಳಕೆಯಲ್ಲಿ ಹೊರಬಿತ್ತು: ಕಾವಲುಗಾರ ಎಲ್ಲರನ್ನೂ ನೋಡಬಲ್ಲ, ಆದರೆ ಎಲ್ಲರೂ ಅವನನ್ನೂ ಪರಸ್ಪರರನ್ನೂ ನೋಡಬಲ್ಲರು, ಸದ್ದು ಇಡೀ ಕಟ್ಟಡದಲ್ಲಿ ಮಾರ್ದನಿಸುತ್ತದೆ. ಸ್ಟೇಟ್‌ವಿಲ್‌ನ ವೃತ್ತಗೃಹವನ್ನು 2016ರಲ್ಲಿ ಮುಚ್ಚಲಾಯಿತು.

ಕಿರಣ ನಕ್ಷೆ: ಕೇಂದ್ರದಲ್ಲಿ ನಿಂತವನಿಗೆ ಪ್ರತಿ ಸಾಲಿನ ಓಣಿ ಕಾಣುತ್ತದೆ, ಕೋಣೆಯ ಒಳಗು ಕಾಣುವುದಿಲ್ಲ. ಕೇಂದ್ರವೊಂದು ಕೈಬಿಟ್ಟರೆ ಎಲ್ಲ ಸಾಲುಗಳೂ ಕೈಬಿಟ್ಟಂತೆ.

ಕಂಬ ನಕ್ಷೆ: ಉದ್ದನೆಯ ನಡುಓಣಿಗೆ ಅಡ್ಡಲಾಗಿ, ತಂತಿಕಂಬದ ಅಡ್ಡತೋಳುಗಳಂತೆ, ಕಟ್ಟಡಗಳನ್ನು ಜೋಡಿಸುವ ಕ್ರಮ. ಪ್ಯಾರಿಸ್ ಬಳಿಯ ಫ್ರೆನ್‌ನಲ್ಲಿ 1898ರಲ್ಲಿ ಮುಗಿದ ಕಾರಾಗೃಹ ಇದರ ಪ್ರಸಿದ್ಧ ಮಾದರಿ. ಪ್ರತಿ ಕಟ್ಟಡಕ್ಕೂ ಗಾಳಿ ಬೆಳಕು ಸಿಗುತ್ತವೆ, ವರ್ಗಗಳನ್ನು ಬೇರ್ಪಡಿಸುವುದು ಸುಲಭ. ಎಲ್ಲ ಓಡಾಟವೂ ಒಂದೇ ಓಣಿಯಲ್ಲಿ ಹಾಯುವುದು ಇದರ ದೌರ್ಬಲ್ಯ.

ಅಂಗಳ ನಕ್ಷೆ: ಬಯಲಿನ ಸುತ್ತ ಬಿಡಿ ಕಟ್ಟಡಗಳು. ಓಡಾಟಕ್ಕೆ ಸ್ವಾತಂತ್ರ್ಯ ಹೆಚ್ಚು, ಹೊರಬೇಲಿ ಬಲವಾಗಿರಲೇಬೇಕು.

ಘಟಕ ನಕ್ಷೆ: ಹಗಲು ಅಂಗಳವೊಂದರ ಸುತ್ತ ಕೆಲವೇ ಹತ್ತು ಕೋಣೆಗಳನ್ನು ಇಟ್ಟು, ಊಟ, ಸ್ನಾನ, ಫೋನು, ವ್ಯಾಯಾಮಗಳನ್ನು ಅಲ್ಲಲ್ಲೇ ಒದಗಿಸುವ ವಿಧಾನ. ಬಂದಿಗಳನ್ನು ಸಾಲಾಗಿ ನಡೆಸಿಕೊಂಡು ಹೋಗುವ ಸಂದರ್ಭಗಳು ಕಡಿಮೆಯಾಗುವುದೇ ಇದರ ದೊಡ್ಡ ಲಾಭ.

ಮೇಲ್ವಿಚಾರಣೆಯ ಬಗೆಗಳು

ಸಾಲುಕೋಣೆಗಳ ಹಳೆಯ ಕಟ್ಟಡದಲ್ಲಿ ವಾರ್ಡರ್ ಓಣಿಯುದ್ದಕ್ಕೂ ಸುತ್ತು ಹೊಡೆಯುತ್ತಾನೆ. ಅವನು ದಾಟಿದ ಕ್ಷಣದಿಂದ ಮುಂದಿನ ಸುತ್ತಿನವರೆಗೆ ಆ ಕೋಣೆಗೆ ಕಣ್ಣಿಲ್ಲ. ಇದು ಬಿಟ್ಟುಬಿಟ್ಟು ನಡೆಯುವ ಮೇಲ್ವಿಚಾರಣೆ. ಘಟಕವನ್ನು ಗಾಜಿನ ಹಿಂದಿನ ನಿಯಂತ್ರಣ ಕೊಠಡಿಯಿಂದ ನೋಡುವುದು ಪರೋಕ್ಷ ಮೇಲ್ವಿಚಾರಣೆ. ನೋಟ ಎಡೆಬಿಡದೆ ಇರುತ್ತದೆ, ಸಂಪರ್ಕ ಇರುವುದಿಲ್ಲ.

ಮೂರನೆಯದು ನೇರ ಮೇಲ್ವಿಚಾರಣೆ. ಸಿಬ್ಬಂದಿಯ ಮೇಜು ಘಟಕದ ಒಳಗೇ, ಬಂದಿಗಳ ನಡುವೆಯೇ ಇರುತ್ತದೆ. ನಡುವೆ ಕಂಬಿಯೂ ಇಲ್ಲ, ಗಾಜೂ ಇಲ್ಲ. ಅಮೆರಿಕದ ಒಕ್ಕೂಟ ಸರ್ಕಾರ 1970ರ ದಶಕದ ನಡುವೆ ಸ್ಯಾನ್ ಡಿಯಾಗೊ, ನ್ಯೂಯಾರ್ಕ್, ಷಿಕಾಗೊಗಳಲ್ಲಿ ಕಟ್ಟಿದ ಮೂರು ನಗರ ಬಂದೀಖಾನೆಗಳಲ್ಲಿ ಇದನ್ನು ಮೊದಲು ಅಳವಡಿಸಿತು. ಹ್ಯಾರಿ ವೀಸ್ ವಿನ್ಯಾಸದ ಷಿಕಾಗೊ ಕಟ್ಟಡ 28 ಅಂತಸ್ತಿನ ತ್ರಿಕೋನ. ಕಂಬಿಯ ಅಗತ್ಯವಿಲ್ಲದಷ್ಟು ಕಿರಿದಾದ, ಐದು ಅಂಗುಲ ಅಗಲದ ಸೀಳುಕಿಟಕಿಗಳು ಅದರ ಗುರುತು. 1981ರಲ್ಲಿ ಕ್ಯಾಲಿಫೋರ್ನಿಯದ ಕಾಂಟ್ರಾ ಕೋಸ್ಟಾ ಕೌಂಟಿ ಇದೇ ಪದ್ಧತಿಯನ್ನು ಸ್ಥಳೀಯ ಬಂದೀಖಾನೆಗೆ ತಂದಿತು.

ಮುರಿಯಲಾಗದ ಉಕ್ಕಿನ ಸಾಮಾನಿಗೆ ಬದಲು ಮಾಮೂಲು ಕುರ್ಚಿ, ಪಿಂಗಾಣಿ ತೊಟ್ಟಿ, ನೆಲಗಂಬಳಿಗಳನ್ನು ಇಲ್ಲಿ ಬಳಸಿದರು. ಬಂದಿಯಿಂದ ಸಾಮಾನ್ಯ ನಡತೆಯನ್ನು ನಿರೀಕ್ಷಿಸಲಾಗಿದೆ ಎಂಬುದನ್ನು ವಸ್ತುಗಳೇ ಸೂಚಿಸಬೇಕೆಂಬುದು ವಿನ್ಯಾಸಕಾರರ ವಾದ. ಹಾಳುಗೆಡಹುವಿಕೆಯೂ ಹಲ್ಲೆಯೂ ಇಂಥ ಘಟಕಗಳಲ್ಲಿ ಕಡಿಮೆಯೆಂದು ಹಲವು ಮೌಲ್ಯಮಾಪನಗಳು ತಿಳಿಸಿವೆ. ಆದರೆ ತರಬೇತಿಯಿಲ್ಲದ ಸಿಬ್ಬಂದಿಯನ್ನು ಕೂರಿಸಿದ ಕಡೆ, ಒಂದು ಕೋಣೆಗೆ ಇಬ್ಬರು ಮೂವರನ್ನು ತುಂಬಿದ ಕಡೆ ಆ ಫಲ ದೊರೆಯಲಿಲ್ಲ. ಕಟ್ಟಡದ ಪಾತ್ರ ಸಿಬ್ಬಂದಿಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವವರೆಗೆ ಮಾತ್ರ.

ಇದಕ್ಕೆ ತದ್ವಿರುದ್ಧ ತುದಿಯಲ್ಲಿ ಗರಿಷ್ಠ ಭದ್ರತೆಯ ಏಕಾಂತ ಕಾರಾಗೃಹಗಳಿವೆ. 1994ರಲ್ಲಿ ತೆರೆದ ಕೊಲರಾಡೊದ ಫ್ಲಾರೆನ್ಸ್‌ನಲ್ಲಿ ಮಂಚ, ಮೇಜು, ಪೀಠ ಎಲ್ಲವೂ ಎರಕದ ಕಾಂಕ್ರೀಟ್. ಸಂಪರ್ಕವನ್ನೇ ಇಲ್ಲವಾಗಿಸಿ ಅಪಾಯ ತಪ್ಪಿಸುವ ಈ ಮಾದರಿ, ದೀರ್ಘ ಏಕಾಂತದಿಂದ ಉಂಟಾಗುವ ಮಾನಸಿಕ ಹಾನಿಯ ಕಾರಣ ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಪ್ರಶ್ನೆಗೆ ಒಳಗಾಗಿದೆ.

ವಿನ್ಯಾಸದ ಅಂಗಗಳು

ಹೊರ ಎಲ್ಲೆ: ಗೋಡೆಯೊಂದೇ ಎಲ್ಲೆಯಲ್ಲ. ಒಳಬೇಲಿ, ನಡುವಿನ ಖಾಲಿ ಪಟ್ಟಿ, ಸಂವೇದಕ, ಹೊರಗೋಡೆ, ಗೋಡೆಯಾಚೆಯ ನಿರ್ಮಾಣರಹಿತ ಜಾಗ ಇವೆಲ್ಲ ಕೂಡಿದ್ದು. ಪರಾರಿಯಾಗುವವನನ್ನು ಪ್ರತಿ ಹಂತದಲ್ಲೂ ತಡವಾಗಿಸಿ ಸಿಬ್ಬಂದಿಗೆ ಸಮಯ ಒದಗಿಸುವುದು ಇದರ ಕೆಲಸ. ಊರು ಬೆಳೆದು ಗೋಡೆಯವರೆಗೆ ಮನೆಗಳು ಬಂದ ಕಡೆ ಹೊರಗಿನಿಂದ ಪೊಟ್ಟಣ ಎಸೆಯುವುದು ನಿತ್ಯದ ಸಮಸ್ಯೆಯಾಗುತ್ತದೆ. ಈಚೆಗೆ ಡ್ರೋನ್‌ಗಳು ಗೋಡೆಯ ಎತ್ತರದ ಲೆಕ್ಕವನ್ನೇ ತಲೆಕೆಳಗು ಮಾಡಿದ್ದು, ಅಂಗಳಗಳ ಮೇಲೆ ಬಲೆ ಹೊದಿಸುವುದು, ತೆರೆಯಲಾಗದ ಕಿಟಕಿಗೆ ಬೇರೆ ಗಾಳಿಕಂಡಿ ಕೊಡುವುದು ರೂಢಿಗೆ ಬಂದಿವೆ.

ಪ್ರವೇಶ: ಒಂದು ಮುಚ್ಚದೆ ಇನ್ನೊಂದು ತೆರೆಯದ ಜೋಡಿಬಾಗಿಲು ಎಲ್ಲೆಡೆಯ ನಿಯಮ. ಸಂದರ್ಶಕರು, ಸರಕು, ಸಿಬ್ಬಂದಿ, ಹೊಸ ಬಂದಿಗಳಿಗೆ ಬೇರೆ ಬೇರೆ ದಾರಿಗಳಿದ್ದರೆ ತಪಾಸಣೆ ನಿಧಾನಿಸುವುದಿಲ್ಲ.

ನೋಟ: ಮೂಲೆ, ತಿರುವು, ಮೆಟ್ಟಿಲ ಕೆಳಗು, ಸ್ನಾನಗೃಹದ ಹಿಂಬದಿ ಹಲ್ಲೆಯ ಸಾಮಾನ್ಯ ತಾಣಗಳು. ಕ್ಯಾಮೆರಾ ಆಮೇಲೆ ಸಾಕ್ಷ್ಯವಾಗುತ್ತದೆ. ಹಲ್ಲೆಯನ್ನು ಆ ಹೊತ್ತಿಗೆ ತಡೆಯಲು ಕೂಗಳತೆಯಲ್ಲಿ ಮನುಷ್ಯನಿರಬೇಕು.

ಕೋಣೆ: ಪ್ರಾಣಾಪಾಯದ ದೃಷ್ಟಿಯಿಂದ ಕೋಣೆಯ ಒಳಗೇ ಅತಿ ಹೆಚ್ಚು ಎಚ್ಚರ ಬೇಕು. ಕಾರಾಗೃಹಗಳ ಅಸಹಜ ಸಾವುಗಳಲ್ಲಿ ಆತ್ಮಹತ್ಯೆಯದು ದೊಡ್ಡ ಪಾಲು. ಕೊಕ್ಕೆ, ಸರಳು, ಚಾಚುಗಳಿಲ್ಲದ ಸುರಕ್ಷಿತ ಕೋಣೆಗಳನ್ನು ಬ್ರಿಟನ್ ಮೊದಲಾದ ದೇಶಗಳು ರೂಪಿಸಿವೆ. ಇಂಥ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟರೆ ಖಿನ್ನತೆ ಹೆಚ್ಚುವುದರಿಂದ ಇವನ್ನು ಸಿಬ್ಬಂದಿಯ ಮೇಜಿನ ಸಮೀಪದಲ್ಲೇ ಇರಿಸುವುದು ವಾಡಿಕೆ.

ಸದ್ದು: ಕಾಂಕ್ರೀಟ್ ಮತ್ತು ಉಕ್ಕಿನ ಗಡುಸು ಮೈ ಸದ್ದನ್ನು ಹೀರುವುದಿಲ್ಲ. ಗದ್ದಲದಲ್ಲಿ ನಿದ್ದೆ ಕೆಡುತ್ತದೆ, ಸಿಡುಕು ಹೆಚ್ಚುತ್ತದೆ. ಸಹಾಯಕ್ಕೆ ಕೂಗಿದ್ದೂ ಕೇಳಿಸದು. ಅಗ್ಗದಲ್ಲಿ ಸರಿಪಡಿಸಬಹುದಾದ ಈ ದೋಷ ಅತಿ ಹೆಚ್ಚು ಅಲಕ್ಷ್ಯಕ್ಕೂ ಗುರಿಯಾಗಿದೆ.

ಬಣ್ಣ ಮತ್ತು ಹಸಿರು: ಕಿಟಕಿಯಿಂದ ಹೊಲಗದ್ದೆ ಕಾಣುವ ಕೋಣೆಯವರಿಗಿಂತ ಒಳ ಅಂಗಳದ ಕಡೆಗಿನ ಕೋಣೆಯವರು ವೈದ್ಯರ ಬಳಿಗೆ ಹೆಚ್ಚಾಗಿ ಹೋಗುತ್ತಿದ್ದರೆಂದು ಮಿಷಿಗನ್ನಿನ ಕಾರಾಗೃಹವೊಂದರಲ್ಲಿ ನಡೆದ 1981ರ ಅಧ್ಯಯನ ತೋರಿಸಿತು. ಆರೆಗಾನ್ ರಾಜ್ಯದ ಸ್ನೇಕ್ ರಿವರ್ ಕಾರಾಗೃಹದ ಏಕಾಂತ ವಿಭಾಗದಲ್ಲಿ ಪರಿಸರ ವಿಜ್ಞಾನಿ ನಳಿನಿ ನಾಡಕರ್ಣಿ ಮತ್ತು ಸಂಗಡಿಗರು ನಿಸರ್ಗ ದೃಶ್ಯಗಳ ವಿಡಿಯೊ ತೋರಿಸಿದಾಗ ಹಿಂಸೆಯ ಪ್ರಕರಣಗಳು ಶೇಕಡ 26ರಷ್ಟು ಕಡಿಮೆಯಾದವೆಂದು 2017ರಲ್ಲಿ ವರದಿಯಾಯಿತು. ಇಷ್ಟೇ ಪ್ರಚಾರ ಪಡೆದ ಗುಲಾಬಿ ಬಣ್ಣದ ಕೋಣೆಯ ಕಥೆ ಬೇರೆ. 1979ರಲ್ಲಿ ಸಿಯಾಟಲ್‌ನ ನೌಕಾದಳದ ಬಂದೀಖಾನೆಯಲ್ಲಿ ಅದು ಉದ್ರೇಕವನ್ನು ತಗ್ಗಿಸಿತೆಂದು ಹೇಳಲಾಗಿತ್ತು. ಮುಂದೆ ಸ್ವಿಟ್ಜರ್ಲೆಂಡಿನಲ್ಲಿ ಕ್ರಮಬದ್ಧವಾಗಿ ನಡೆಸಿದ ಪರೀಕ್ಷೆಯಲ್ಲಿ ಅಂಥ ಪರಿಣಾಮ ಕಾಣಲಿಲ್ಲ.

ದಂಗೆಗಳು ಮತ್ತು ವಿನ್ಯಾಸದ ಬದಲಾವಣೆ

ಕಾರಾಗೃಹ ವಿನ್ಯಾಸದ ಹಲವು ನಿಯಮಗಳು ದೊಡ್ಡ ದಂಗೆಗಳ ತನಿಖೆಯಿಂದ ಹುಟ್ಟಿದವು. 1971ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಆಟಿಕಾ ಕಾರಾಗೃಹದಲ್ಲಿ ದಂಗೆ ಎದ್ದಾಗ, ನಾಲ್ಕು ವಿಭಾಗಗಳು ಕೂಡುವ ‘ಟೈಮ್ಸ್ ಸ್ಕ್ವೇರ್’ ಎಂಬ ಕೇಂದ್ರದ ಗೇಟಿನಲ್ಲಿ ಬೆಸುಗೆಯ ದೋಷವಿತ್ತು. ಅದು ಒತ್ತಡಕ್ಕೆ ಕಿತ್ತುಬಂದದ್ದರಿಂದ ಒಂದು ವಿಭಾಗದ ಗಲಾಟೆ ಇಡೀ ಕಾರಾಗೃಹಕ್ಕೆ ಹಬ್ಬಿತು. ಸತ್ತವರು 43 ಮಂದಿ. ಅವರಲ್ಲಿ ಹೆಚ್ಚಿನವರು ಕಾರಾಗೃಹವನ್ನು ಮರಳಿ ವಶಪಡಿಸಿಕೊಳ್ಳುವಾಗ ಪೊಲೀಸರು ಹಾರಿಸಿದ ಗುಂಡಿಗೆ ಬಲಿಯಾದರು.

1980ರ ಫೆಬ್ರವರಿಯಲ್ಲಿ ನ್ಯೂಮೆಕ್ಸಿಕೊದ ಸಾಂಟಾ ಫೆ ಕಾರಾಗೃಹದಲ್ಲಿ ಇದೇ ದೋಷ ಇನ್ನೊಂದು ರೂಪದಲ್ಲಿ ಕಂಡಿತು. ನಿಯಂತ್ರಣ ಕೊಠಡಿ ನಡುಓಣಿಯಲ್ಲೇ ಇತ್ತು. ಒಡೆಯದೆಂದು ನಂಬಿ ಅದಕ್ಕೆ ಹೊಸ ಗಾಜನ್ನು ಸ್ವಲ್ಪ ಮುಂಚೆ ಜೋಡಿಸಿದ್ದರು. ಬೀಗ ಹಾಕಿರಬೇಕಾಗಿದ್ದ ಓಣಿಯ ಗೇಟು ತೆರೆದಿತ್ತು. ಬಂದಿಗಳು ಆ ಗಾಜನ್ನು ನಿಮಿಷಗಳಲ್ಲಿ ಒಡೆದು ಬೀಗದ ಕೈಗಳನ್ನೆಲ್ಲ ವಶಪಡಿಸಿಕೊಂಡರು. 33 ಬಂದಿಗಳು ಸಹಬಂದಿಗಳ ಕೈಯಲ್ಲೇ ಸತ್ತರು. ನಿಯಂತ್ರಣ ಕೊಠಡಿ ಬಂದಿಗಳ ಓಡಾಟದ ದಾರಿಯಲ್ಲಿ ಇರಕೂಡದು, ಅದು ಬಿದ್ದರೂ ಎಲ್ಲ ಬಾಗಿಲುಗಳು ತೆರೆಯಕೂಡದು ಎಂಬ ನಿಯಮಗಳು ಆಮೇಲೆ ಸರ್ವಮಾನ್ಯವಾದವು.

1990ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರಿನ ಸ್ಟ್ರೇಂಜ್‌ವೇಸ್ ಕಾರಾಗೃಹದ ಬಂದಿಗಳು ಛಾವಣಿ ಏರಿ 25 ದಿನ ಕೂತರು. 1868ರ ಆ ಕಿರಣ ನಕ್ಷೆಯ ಕಟ್ಟಡದಲ್ಲಿ ಕೋಣೆಗೆ ಶೌಚಾಲಯವಿರಲಿಲ್ಲ, ಬಂದಿಗಳು ಕಿಕ್ಕಿರಿದಿದ್ದರು. ತನಿಖೆ ನಡೆಸಿದ ಲಾರ್ಡ್ ವೂಲ್ಫ್ 1991ರ ವರದಿಯಲ್ಲಿ ಭದ್ರತೆ, ನಿಯಂತ್ರಣ, ನ್ಯಾಯ ಮೂರೂ ಸಮತೂಕದಲ್ಲಿರಬೇಕೆಂದರು. ದೊಡ್ಡ ಕಾರಾಗೃಹಗಳನ್ನು 50ರಿಂದ 70 ಬಂದಿಗಳ ಘಟಕಗಳಾಗಿ ಒಡೆಯಬೇಕು, ಕೋಣೆಯಲ್ಲಿ ಶೌಚ ವ್ಯವಸ್ಥೆ ಇರಬೇಕು ಎಂದೂ ಶಿಫಾರಸು ಮಾಡಿದರು.

ಅಂತರರಾಷ್ಟ್ರೀಯ ಮಾನದಂಡ

ವಿಶ್ವಸಂಸ್ಥೆ 2015ರಲ್ಲಿ ಪರಿಷ್ಕರಿಸಿದ ಕನಿಷ್ಠ ನಿಯಮಗಳಿಗೆ ನೆಲ್ಸನ್ ಮಂಡೇಲಾ ನಿಯಮಗಳೆಂದು ಹೆಸರು. ಹಗಲು ಬೆಳಕಿನಲ್ಲಿ ಓದಲು, ಕೆಲಸ ಮಾಡಲು ಆಗುವಷ್ಟು ದೊಡ್ಡ ಕಿಟಕಿ, ತಾಜಾ ಗಾಳಿ, ಘನತೆಗೆ ತಕ್ಕ ಶೌಚ ವ್ಯವಸ್ಥೆಗಳನ್ನು ಇವು ಕಡ್ಡಾಯವೆನ್ನುತ್ತವೆ. ನಾರ್ವೆಯಲ್ಲಿ 2010ರಲ್ಲಿ ತೆರೆದ ಹಾಲ್ಡನ್ ಕಾರಾಗೃಹ ಈ ಆಶಯದ ಹೆಚ್ಚು ಚರ್ಚಿತ ಉದಾಹರಣೆ. ಸುಮಾರು ಆರು ಮೀಟರ್ ಎತ್ತರದ ಭದ್ರ ಹೊರಗೋಡೆಯ ಒಳಗೆ ಕಾಡಿನ ಮರಗಳನ್ನು ಉಳಿಸಿಕೊಂಡು, ಕಂಬಿಯಿಲ್ಲದ ಕಿಟಕಿ, ಹಂಚಿಕೊಳ್ಳುವ ಅಡುಗೆಮನೆಗಳ ಸಣ್ಣ ಘಟಕಗಳನ್ನು ಕಟ್ಟಲಾಗಿದೆ. ಬಂದಿಗಳು ಸುಮಾರು 250. ಸಿಬ್ಬಂದಿಯ ಸಂಖ್ಯೆ ಅದಕ್ಕಿಂತ ಕಡಿಮೆಯೇನಲ್ಲ. ಆ ಅನುಪಾತವನ್ನು ಬಿಟ್ಟು ಕಟ್ಟಡವನ್ನಷ್ಟೇ ನಕಲು ಮಾಡಿದರೆ ಪ್ರಯೋಜನವಿಲ್ಲ.

ಭಾರತದಲ್ಲಿ

ಮೆಕಾಲೆಯ ಒತ್ತಾಸೆಯಿಂದ ನೇಮಕವಾದ ಕಾರಾಗೃಹ ಶಿಸ್ತು ಸಮಿತಿ 1838ರಲ್ಲಿ ವರದಿ ಕೊಟ್ಟ ನಂತರ ಕೇಂದ್ರ ಕಾರಾಗೃಹಗಳ ನಿರ್ಮಾಣ ಆರಂಭವಾಯಿತು. ಹೆಚ್ಚಿನವುಗಳಲ್ಲಿ ಕೋಣೆಗಳಿಗೆ ಬದಲು ಬ್ಯಾರಕ್‌ಗಳನ್ನೇ ಕಟ್ಟಿದರು, ಬ್ಯಾರಕ್ ಅಗ್ಗ. ರಾತ್ರಿ ಬಾಗಿಲು ಹಾಕಿದ ಮೇಲೆ ಒಳಗೆ ನಡೆಯುವುದಕ್ಕೆ ಹೊಣೆ ಸಜಾಬಂದಿಗಳಿಂದಲೇ ಆರಿಸಿದ ಮೇಸ್ತ್ರಿಗಳದಾಯಿತು. ಇದಕ್ಕೆ ಎದ್ದುಕಾಣುವ ಅಪವಾದ ಪೋರ್ಟ್ ಬ್ಲೇರ್‌ನ ಸೆಲ್ಯುಲರ್ ಜೈಲು. 1896ರಿಂದ 1906ರವರೆಗೆ ಕಟ್ಟಿದ ಇದರಲ್ಲಿ ಕೇಂದ್ರ ಗೋಪುರದಿಂದ ಹೊರಟ ಏಳು ಮೂರಂತಸ್ತಿನ ಸಾಲುಗಳಿದ್ದವು. ಒಂದು ಸಾಲಿನ ಮುಂಬದಿ ಪಕ್ಕದ ಸಾಲಿನ ಹಿಂಬದಿಯನ್ನು ನೋಡುವಂತೆ ಇರಿಸಿದ್ದರಿಂದ ಬಂದಿಗೆ ಇನ್ನೊಬ್ಬ ಬಂದಿಯ ಮುಖ ಕಾಣುತ್ತಿರಲಿಲ್ಲ. ಉಳಿದಿರುವ ಮೂರು ಸಾಲುಗಳು ಈಗ ರಾಷ್ಟ್ರೀಯ ಸ್ಮಾರಕ.

1894ರ ಕಾರಾಗೃಹ ಅಧಿನಿಯಮದ 27ನೆಯ ಪ್ರಕರಣ ಹೆಂಗಸರನ್ನು ಗಂಡಸರಿಂದ, ವಿಚಾರಣಾಧೀನರನ್ನು ಸಜಾಬಂದಿಗಳಿಂದ, ಸಿವಿಲ್ ಬಂದಿಗಳನ್ನು ಅಪರಾಧ ಬಂದಿಗಳಿಂದ ಬೇರೆ ಇರಿಸಬೇಕೆನ್ನುತ್ತದೆ. ಇದು ವಸ್ತುತಃ ನಕ್ಷೆಯ ನಿಯಮವೇ. ಹಲವು ರಾಜ್ಯಗಳ ಕಾರಾಗೃಹ ಕೈಪಿಡಿಗಳಲ್ಲಿ ಉಳಿದುಬಂದಿದ್ದ ಜಾತಿ ಆಧಾರದ ಬೇರ್ಪಡಿಕೆ ಮತ್ತು ಕೆಲಸದ ಹಂಚಿಕೆಯನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಅಸಾಂವಿಧಾನಿಕವೆಂದು ರದ್ದುಮಾಡಿತು.

ನ್ಯಾಯಮೂರ್ತಿ ಎ.ಎನ್. ಮುಲ್ಲಾ ಸಮಿತಿ (1980-83) ಕಟ್ಟಡಗಳ ದುಸ್ಥಿತಿಯನ್ನು ವಿವರವಾಗಿ ದಾಖಲಿಸಿತು. ಅದರ ನಂತರ ಬಂದ 2003 ಮತ್ತು 2016ರ ಮಾದರಿ ಕಾರಾಗೃಹ ಕೈಪಿಡಿಗಳು ಬ್ಯಾರಕ್ಕಿನಲ್ಲಿ 20 ಜನರಿಗಿಂತ ಹೆಚ್ಚು ಇರಬಾರದೆಂದು ಸೂಚಿಸುತ್ತವೆ. ಬ್ಯಾರಕ್ಕಿನಲ್ಲಿ ತಲಾ 3.71 ಚದರ ಮೀಟರ್, ಕೋಣೆಯಲ್ಲಿ 8.92 ಚದರ ಮೀಟರ್ ನೆಲ ಬೇಕೆಂಬುದು ಅವು ಇಟ್ಟುಕೊಂಡ ಅಳತೆ. ಗೋಡೆಯನ್ನೇ ಬಿಟ್ಟುಕೊಟ್ಟ ಪ್ರಯೋಗವೂ ಭಾರತದಲ್ಲಿ ಹಳೆಯದು: ರಾಜಸ್ಥಾನದ ಸಾಂಗಾನೇರ್ ಬಯಲು ಬಂದೀಖಾನೆಯಲ್ಲಿ 1963ರಿಂದ ಬಂದಿಗಳು ಕುಟುಂಬದೊಡನೆ ವಾಸಿಸಿ, ಹಗಲು ಹೊರಗೆ ದುಡಿದು, ಸಂಜೆ ಮರಳುತ್ತಾರೆ.

ಕರ್ನಾಟಕದಲ್ಲಿ

ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹ ನಡುವೆ ಕಾವಲು ಗೋಪುರ, ಸುತ್ತ ಬ್ಯಾರಕ್‌ಗಳಿದ್ದ ಹತ್ತೊಂಬತ್ತನೆಯ ಶತಮಾನದ ನಿರ್ಮಾಣ. ತುರ್ತುಪರಿಸ್ಥಿತಿಯಲ್ಲಿ ಎಲ್.ಕೆ. ಆಡ್ವಾಣಿ ಸೇರಿ ಹಲವು ನಾಯಕರು ಇಲ್ಲಿ ಸೆರೆಯಲ್ಲಿದ್ದರು. ಊರು ಸುತ್ತ ಬೆಳೆದ ಮೇಲೆ ಕಾರಾಗೃಹವನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಲಾಯಿತು; ಹಳೆಯ ಆವರಣ 2008ರಲ್ಲಿ ಸ್ವಾತಂತ್ರ್ಯ ಉದ್ಯಾನವಾಗಿ ತೆರೆಯಿತು. ಗೋಪುರವನ್ನೂ ಕೆಲವು ಬ್ಯಾರಕ್‌ಗಳನ್ನೂ ಉಳಿಸಿಕೊಂಡಿರುವುದರಿಂದ, ಕೇಂದ್ರದಿಂದ ಕಾಯುವ ನಕ್ಷೆ ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ಸಾರ್ವಜನಿಕರು ಒಳಹೊಕ್ಕು ನೋಡಬಹುದಾದ ಜಾಗ ಇದು. ಮೈಸೂರು, ಬೆಳಗಾವಿಯ ಹಿಂಡಲಗಾ, ಬಳ್ಳಾರಿ, ಕಲಬುರಗಿ, ವಿಜಯಪುರ ಮೊದಲಾದೆಡೆ ಕೇಂದ್ರ ಕಾರಾಗೃಹಗಳಿವೆ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ.

ಇಂದಿನ ಸ್ಥಿತಿ

ಭಾರತದಲ್ಲಿ ಭದ್ರತಾ ವಿನ್ಯಾಸದ ಮುಖ್ಯ ಅಡಚಣೆ ಕಿಕ್ಕಿರಿತ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ಅಂಕಿಅಂಶದಂತೆ 4,36,266 ಜನರ ಸಾಮರ್ಥ್ಯದ ಕಾರಾಗೃಹಗಳಲ್ಲಿ 5,73,220 ಬಂದಿಗಳಿದ್ದರು. ಅವರಲ್ಲಿ ಸುಮಾರು ಮುಕ್ಕಾಲು ಭಾಗ ವಿಚಾರಣಾಧೀನರು. ಜಾಮರ್, ಕ್ಯಾಮೆರಾ, ದೇಹ ತಪಾಸಣಾ ಯಂತ್ರಗಳಿಗೆ ಹಣ ಹರಿಯುತ್ತಿದೆ. ವಿಡಿಯೊ ಮೂಲಕ ನ್ಯಾಯಾಲಯಕ್ಕೆ ಹಾಜರುಪಡಿಸುವ ಏರ್ಪಾಡು ಗೇಟಿನ ಓಡಾಟವನ್ನು ಕಡಿಮೆಮಾಡಿದೆ. ಆದರೆ ಬ್ಯಾರಕ್ಕಿನ ಒಳಗಿನ ರಾತ್ರಿ ಹೆಚ್ಚುಕಡಿಮೆ ಹತ್ತೊಂಬತ್ತನೆಯ ಶತಮಾನದಲ್ಲಿದ್ದಂತೆಯೇ ಇದೆ.

ಕೇಂದ್ರ ಗೃಹ ಮಂತ್ರಾಲಯ 2023ರಲ್ಲಿ ಮಾದರಿ ಕಾರಾಗೃಹಗಳು ಮತ್ತು ಸುಧಾರಣಾ ಸೇವೆಗಳ ಅಧಿನಿಯಮವನ್ನು ಸಿದ್ಧಪಡಿಸಿ ರಾಜ್ಯಗಳಿಗೆ ಕಳುಹಿಸಿತು. ಕಾರಾಗೃಹವು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯ 4ನೆಯ ವಿಷಯವಾದ್ದರಿಂದ ಅದನ್ನು ಅಂಗೀಕರಿಸುವುದೂ ಹೊಸ ಕಟ್ಟಡಗಳ ನಕ್ಷೆಯನ್ನು ನಿರ್ಧರಿಸುವುದೂ ರಾಜ್ಯ ಸರ್ಕಾರಗಳಿಗೆ ಬಿಟ್ಟದ್ದು.